‘ಅವ್ವಲ್ ತಾಲೂಕದಾರ’ ಯಾರು?

ಯಾದಗಿರಿಯ ಸ್ನೇಹಿತರೊಬ್ಬರು ಹಳೇ ಇನಾಮು ಜಮೀನಿನ ಕಾಗದ ಓದಿಸುತ್ತಿದ್ದಾರೆ. ಗೀಚಿದಂಥ ಉರ್ದು ಕೈಬರಹ, ಮೂಲೆಗೊಂದು ಮಸುಕು ಮೊಹರು, ಕೆಳಗೆ ‘ಅವ್ವಲ್ ತಾಲೂಕದಾರ್’ ಅಂತ ರುಜು. ಕನ್ನಡಕ್ಕೆ ಇಳಿಸಿದವರು ‘ತಹಸೀಲ್ದಾರ’ ಎಂದು ಬರೆದಿದ್ದಾರಂತೆ. ಸರಿಯೇ ಎಂಬುದು ಅವರ ಪ್ರಶ್ನೆ.

ಸರಿಯಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ಅವ್ವಲ್, ಅಂದರೆ ಮೊದಲನೇ ದರ್ಜೆಯ ತಾಲೂಕದಾರನೆಂದರೆ ಇಡೀ ಜಿಲ್ಲೆಯ ಸಾಹೇಬ, ಈಗಿನ ಜಿಲ್ಲಾಧಿಕಾರಿ. ಅವನ ಕೈಕೆಳಗೆ ಎರಡನೇ, ಮೂರನೇ ದರ್ಜೆಯ ತಾಲೂಕದಾರರು. ತಾಲೂಕಿಗೆ ಆಗಲೂ ತಹಸೀಲ್ದಾರನೇ. ಅವ್ವಲ್ ತಾಲೂಕದಾರನ ಮೇಲೆ ಸುಭೇದಾರ, ಹಲವು ಜಿಲ್ಲೆ ಸೇರಿದ ಸುಭಾದ ಮುಖ್ಯಸ್ಥ. ಕಲಬುರಗಿ ಒಂದು ಸುಭಾದ ಕೇಂದ್ರವಾಗಿತ್ತು.

ಗೊಂದಲದ ಬೇರು ಅರಬ್ಬಿಯ ‘ತಅಲ್ಲುಕ್’ನಲ್ಲಿದೆ. ಸಂಬಂಧ, ಸೇರಿರುವುದು ಎಂದರ್ಥ. ‘ಕೋಯಿ ತಾಲ್ಲುಕ್ ನಹೀ’ ಎಂದು ನಮ್ಮ ಬಜಾರಿನಲ್ಲಿ ದಿನಾ ಕೇಳುವ ಮಾತೇ ಅದು. ಒಬ್ಬನ ವಶಕ್ಕೆ ಸೇರಿದ ಸೀಮೆ ತಾಲೂಕು. ಅಳತೆ ಇಷ್ಟೇ ಎಂದು ಪದದಲ್ಲಿ ಎಲ್ಲೂ ಇಲ್ಲ. ಮೊದಲು ಕಂದಾಯ ವಸೂಲಿಯ ಗುತ್ತಿಗೆ ಹಿಡಿದವನೇ ತಾಲೂಕದಾರ. 1860ರ ದಶಕದಲ್ಲಿ ದಿವಾನ ಸಾಲಾರ್ ಜಂಗ್ ಜಿಲ್ಲಾಬಂದಿ, ಅಂದರೆ ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಣೆ ಮಾಡಿ ಸಂಬಳದ ಅಧಿಕಾರಿಗಳನ್ನು ಕೂರಿಸಿದ. ವ್ಯವಸ್ಥೆ ಹೋಯಿತು, ಹೆಸರು ಉಳಿಯಿತು. ಅತ್ತ ಉತ್ತರ ಭಾರತದ ಅವಧದಲ್ಲಿ ಇದೇ ಹೆಸರು ದೊಡ್ಡ ಜಮೀನ್ದಾರರಿಗೆ. ಉತ್ತರದ ನಿಘಂಟು ನೋಡಿ ನಮ್ಮ ಕಾಗದ ಓದಿದರೆ ದಾರಿ ತಪ್ಪುವುದು ಖಾತ್ರಿ.

‘ಜಿಲ್ಲೆ’ಯೂ ಅರಬ್ಬಿಯದೇ, ಮೂಲದಲ್ಲಿ ಪಕ್ಕೆಲುಬು, ಅದರಿಂದ ಪಕ್ಕ, ಮಗ್ಗುಲು. ಇದಕ್ಕಿಂತ ನನಗೆ ಹಿಡಿಸುವುದು ‘ತರಫ್’. ಬಹಮನಿಯರು ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೀದರ್, ಬೇರಾರ್ ಎಂದು ನಾಲ್ಕು ತರಫು ಮಾಡಿದ್ದರು, ಮುಂದೆ ಅವರ ಮಂತ್ರಿ ಮಹಮೂದ್ ಗವಾನ್ ಅವನ್ನು ಎಂಟಕ್ಕೆ ಒಡೆದ. ತರಫು ಆಳುವ ತರಫದಾರನಿಗೆ ಕಡಿವಾಣ ಹಾಕುವುದೇ ಉದ್ದೇಶ. ಆ ಆಡಳಿತದ ಅರ್ಥ ಸತ್ತಿದೆ. ‘ಅವರ ತರಫಿಂದ ಯಾರು ಬಂದಾರ?’ ಎಂಬಲ್ಲಿ ‘ಕಡೆ’ ಎಂಬ ಮೂಲ ಅರ್ಥ ಗಟ್ಟಿಯಾಗಿ ಕೂತಿದೆ.

ಸ್ನೇಹಿತರಿಗೆ ಒಂದು ಸೂಚನೆ: ಮೊಹರಿನ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷ, ಮೊದಲು ನೋಡಿ. 590 ಕೂಡಿಸಿದರೆ ಇಸವಿ ಹೆಚ್ಚುಕಡಿಮೆ ಸಿಗುತ್ತದೆ, 1318 ಎಂದಿದ್ದರೆ 1908ರ ಸುಮಾರು. ಜಿಲ್ಲಾಬಂದಿಗಿಂತ ಹಿಂದಿನದಾದರೆ ರುಜು ಹಾಕಿದವನು ಗುತ್ತಿಗೆದಾರನೂ ಆಗಿರಬಹುದು. ಆದರೆ ‘ಅವ್ವಲ್’ ಇದ್ದರೆ ಅವನು ಸರ್ಕಾರಿ ನೌಕರನೇ. ಸುರಪುರ ಸಂಸ್ಥಾನದ ಹಳೇ ಸನದುಗಳಲ್ಲಿ (ಹಕ್ಕುಪತ್ರಗಳಲ್ಲಿ) ಈ ಪದ ಕಂಡವರಿದ್ದರೆ, ಯಾವ ಅರ್ಥದಲ್ಲಿ ಬಂದಿದೆ ತಿಳಿಸಿ.