ಬಾಕ್ಸಿಂಗ್‌ನಲ್ಲಿ ‘5-0 ಅಂಕಗಳಿಂದ ಗೆಲುವು’ ಅಂತ ಬರೆಯೋದು ಸರೀನಾ?

ಎಲ್ಲರಿಗೂ ನಮಸ್ಕಾರ. ಪೇಪರಿನ ಕ್ರೀಡಾ ಪುಟದಲ್ಲಿ, ಟಿವಿ ಸ್ಕ್ರೋಲಲ್ಲಿ ಬಾಕ್ಸಿಂಗ್ ಸುದ್ದಿ ಬಂದಾಗ ‘5-0 ಅಂಕಗಳಿಂದ ಮಣಿಸಿದರು’, ‘4-1 ಅಂಕಗಳ ಜಯ’ ಅಂತ ಇರತ್ತಲ್ಲ, ಅದ್ರ ಬಗ್ಗೆ ಕೇಳ್ಬೇಕಿತ್ತು. ಓದಿದವ್ರು ಅದನ್ನ ಹಾಕಿ ಮ್ಯಾಚಿನ ಗೋಲಿನ ಲೆಕ್ಕದಲ್ಲೇ ತಗೋತಾರೆ. ನಮ್ಮಾಫೀಸಲ್ಲೇ ಒಬ್ರು ‘ಒಂಬತ್ತು ನಿಮಿಷ ಗುದ್ದಾಡಿ ಬರೀ ಐದೇ ಏಟಾ ಬಿದ್ದಿದ್ದು’ ಅಂದ್ರು. ನಗು ಬರತ್ತೆ, ಆದ್ರೆ ತಪ್ಪು ಓದಿದವ್ರದಲ್ಲ, ಬರೆದವ್ರದು. ಆ ಐದು ಏಟೂ ಅಲ್ಲ, ಪಾಯಿಂಟೂ ಅಲ್ಲ, ರಿಂಗ್ ಸುತ್ತ ಕೂತಿರೋ ಐದು ಜನ ಜಡ್ಜ್‌ಗಳು. 2022ರ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲ್ಲಲ್ಲಿ ನಿಖತ್ ಜರೀನ್ ಥಾಯ್ಲೆಂಡಿನ ಜುಟಾಮಾಸ್ ಮೇಲೆ 5-0 ಗೆದ್ರು, ಅಂದ್ರೆ ಐದಕ್ಕೈದು ಜಡ್ಜ್‌ಗಳ ಲೆಕ್ಕದಲ್ಲೂ ನಿಖತ್ತೇ ಮುಂದಿದ್ರು ಅಂತ. ನಿಜವಾದ ಅಂಕ ಬೇರೆ, ರೌಂಡ್ ಗೆದ್ದವ್ರಿಗೆ 10, ಸೋತವ್ರಿಗೆ 9 ಅನ್ನೋ ಲೆಕ್ಕದಲ್ಲಿ ಮೂರು ರೌಂಡಿಗೆ ಇಬ್ರು 30-27 ಕೊಟ್ಟಿದ್ರು, ಮೂವರು 29-28. ಆ ಮೂವರ ಲೆಕ್ಕದಲ್ಲಿ ಒಂದೊಂದು ರೌಂಡ್ ಜುಟಾಮಾಸ್‌ಗೂ ಹೋಗಿತ್ತು, 5-0 ನೋಡಿದ್ರೆ ಅದು ಗೊತ್ತೇ ಆಗಲ್ಲ.

ಆದ್ರೆ ಈ ‘ಅಂಕ’ ಸುಮ್ನೆ ಬಂದು ಸೇರ್ಕೊಂಡಿದ್ದಲ್ಲ, ಒಂದು ಕಾಲದಲ್ಲಿ ಅದೇ ಸರಿಯಾಗಿತ್ತು. 1988ರ ಸೋಲ್ ಒಲಿಂಪಿಕ್ಸ್ ಫೈನಲ್ಲಲ್ಲಿ ಅಮೆರಿಕದ ರಾಯ್ ಜೋನ್ಸ್ ಜೂನಿಯರ್ ಕೊರಿಯಾದ ಪಾರ್ಕ್ ಸಿ-ಹುನ್‌ಗಿಂತ ದುಪ್ಪಟ್ಟಿಗೂ ಜಾಸ್ತಿ ಏಟು ಹಾಕಿದ್ರೂ 3-2ರಲ್ಲಿ ಸೋಲಿಸ್ಬಿಟ್ರು, ಆ ಗಲಾಟೆ ಆದ್ಮೇಲೆ ಜಡ್ಜ್‌ಗಳನ್ನ ನಂಬೋದು ಬೇಡ ಏಟೇ ಎಣಿಸೋಣ ಅಂತ ಕಂಪ್ಯೂಟರ್ ಸ್ಕೋರಿಂಗ್ ಬಂತು, ಒಲಿಂಪಿಕ್ಸಲ್ಲಿ 1992ರ ಬಾರ್ಸಿಲೋನಾದಿಂದ. ಐವರಲ್ಲಿ ಮೂವರು ಒಂದು ಸೆಕೆಂಡ್ ಒಳಗೆ ಬಟನ್ ಒತ್ತಿದ್ರೆ ಮಾತ್ರ ಒಂದು ಪಾಯಿಂಟ್. (ಆಗ ಬೆರಳು ನಿಧಾನ ಇರೋ ಜಡ್ಜ್ ಸಿಕ್ಕಿದ್ರೆ ಬಾಕ್ಸರ್ ಕಥೆ ಅಷ್ಟೇ.) ಹಂಗಾಗಿ 2008ರ ಬೀಜಿಂಗಲ್ಲಿ ವಿಜೇಂದರ್ ಸಿಂಗ್ ಕ್ವಾರ್ಟರ್ ಫೈನಲ್ 9-4ರಲ್ಲಿ ಗೆದ್ರು, 2012ರ ಲಂಡನ್ ಸೆಮಿಯಲ್ಲಿ ಮೇರಿ ಕೋಮ್ 6-11ರಲ್ಲಿ ಸೋತ್ರು ಅಂದಾಗ ‘ಅಂಕ’ ಅಂತ ಬರೆದಿದ್ದು ನೂರಕ್ಕೆ ನೂರು ಸರಿ. 2013ರಲ್ಲಿ ನಿಯಮ ಬದಲಾಯ್ತು. ಪ್ರತಿ ರೌಂಡಿಗೆ ಗೆದ್ದವ್ರಿಗೆ 10, ಸೋತವ್ರಿಗೆ 9 ಅಥವಾ ಅದಕ್ಕಿಂತ ಕಮ್ಮಿ, ಒಬ್ಬೊಬ್ಬ ಜಡ್ಜೂ ತಂತಮ್ಮ ಲೆಕ್ಕ ತಾವೇ ಕೂಡೋದು. ನಿಯಮ ಹೋಯ್ತು, ಪದ ಮಾತ್ರ ಡೆಸ್ಕಲ್ಲೇ ಉಳ್ಕೊಂತು.

ನಂಗೆ ಕಾಣೋ ಪರಿಹಾರ ಸಿಂಪಲ್ಲು. 5-0ಗೆ ‘ಒಮ್ಮತದ ತೀರ್ಪು’, 3-2 ಅಥವಾ 4-1 ಬಂದ್ರೆ ‘ಬಹುಮತದ ತೀರ್ಪು’. ಎರಡರಲ್ಲೂ ‘ಮತ’ ಇರೋದ್ರಿಂದ ಎಣಿಸಿರೋದು ತಲೆಗಳನ್ನ, ಏಟುಗಳನ್ನಲ್ಲ ಅಂತ ತಾನಾಗೇ ಗೊತ್ತಾಗತ್ತೆ, ಮತ್ತೆ ಬಹುಮತ ಅಂದ್ರೇನು ಅಂತ ವಿಧಾನಸೌಧ ನೋಡ್ಕೊಂಡು ಬೆಳೆದಿರೋ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಹಿಂಗೆ ಜಡ್ಜ್‌ಗಳು ಒಡೆದು ಬರೋ ತೀರ್ಪಿಗೆ, ಅಂದ್ರೆ ಸ್ಪ್ಲಿಟ್ ಡಿಸಿಷನ್‌ಗೆ ‘ಭಿನ್ನ ತೀರ್ಪು’ ಅನ್ನಬಹುದಲ್ವಾ ಅಂತ ಫ್ರೆಂಡೊಬ್ರು ಅಂದ್ರು, ನಂಗೆ ಒಪ್ಪಿಗೆ ಇಲ್ಲ. ಅದು ಕೋರ್ಟಿನ ಪದ. 2022ರಲ್ಲಿ ಹಿಜಾಬ್ ಕೇಸಲ್ಲಿ ಸುಪ್ರೀಂ ಕೋರ್ಟಿನ ಇಬ್ರು ಜಡ್ಜ್‌ಗಳು ಒಬ್ಬೊಬ್ರು ಒಂದೊಂದು ಹೇಳಿದಾಗ ಕೇಸು ಇತ್ಯರ್ಥ ಆಗ್ಲೇ ಇಲ್ಲ, ದೊಡ್ಡ ಪೀಠಕ್ಕೆ ಹೋಗ್ಬೇಕು ಅಂತಾಯ್ತು. ಒಲಿಂಪಿಕ್ಸ್ ಥರದ ಬಾಕ್ಸಿಂಗಲ್ಲಿ ಹಂಗಲ್ಲ, ಜಡ್ಜ್‌ಗಳು ಎಷ್ಟೇ ಒಡೆದ್ರೂ ರೆಫ್ರಿ ಅಲ್ಲೇ ಒಬ್ಬರ ಕೈ ಎತ್ತಲೇಬೇಕು. ‘ವಿಭಜಿತ’ ಅಂದ್ರೂ ಅದೇ ಪ್ರಾಬ್ಲಮ್ಮು.

ಇನ್ನೊಂದು ಇದಕ್ಕಿಂತ ಕಷ್ಟದ್ದು, ‘ಸುತ್ತು’. ಟೂರ್ನಿಯ ಹಂತಕ್ಕೂ ಸುತ್ತು, ಪಂದ್ಯದೊಳಗಿನ ಮೂರು ನಿಮಿಷಕ್ಕೂ ಸುತ್ತು. ಟೋಕಿಯೋ ಒಲಿಂಪಿಕ್ಸಲ್ಲಿ, ಅಂದ್ರೆ 2021ರ ಜುಲೈಯಲ್ಲಿ, ಮೇರಿ ಕೋಮ್ ಕೊಲಂಬಿಯಾದ ಇಂಗ್ರಿಟ್ ವೆಲೆನ್ಸಿಯಾ ಎದುರು ಆಡಿದ್ದು ನೆನಪಿರಬಹುದು. ಮೊದಲನೇ ರೌಂಡ್ 1-4ರಲ್ಲಿ ಹೋಯ್ತು, ಎರಡು ಮತ್ತೆ ಮೂರನೇದು ಎರಡನ್ನೂ ಮೇರಿ 3-2ರಲ್ಲಿ ಗೆದ್ರು, ಕೊನೆಗೆ ಪಂದ್ಯ 2-3ರಲ್ಲಿ ಸೋತ್ರು. ಮೂರರಲ್ಲಿ ಎರಡು ಗೆದ್ದು ಸೋಲೋದು ಹೆಂಗೆ? ರೌಂಡುಗಳನ್ನ ಯಾರೂ ಕೂಡಲ್ಲ, ಒಬ್ಬೊಬ್ಬ ಜಡ್ಜಿನ ಮೂರೂ ರೌಂಡಿನ ಮೊತ್ತ ನೋಡಿ ಆ ಜಡ್ಜ್ ಯಾರ ಕಡೆ ಅಂತ ಎಣಿಸ್ತಾರೆ. ಐದು ಜಡ್ಜ್, ಮೂರು ರೌಂಡ್, ಒಟ್ಟು ಹದಿನೈದು ಮತದಲ್ಲಿ ಮೇರಿಗೆ ಬಿದ್ದಿದ್ದು ಏಳೇ. ರಿಂಗಲ್ಲಿದ್ದಾಗ ಗೆದ್ದೆ ಅಂತಾನೇ ಅಂದ್ಕೊಂಡಿದ್ದೆ ಅಂತ ಅವ್ರೇ ಆಮೇಲೆ ಹೇಳಿದ್ರು, ಇನ್ನು ಓದುಗರ ಪಾಡೇನು. ಇದನ್ನ ಕನ್ನಡದಲ್ಲಿ ‘ಎರಡನೇ ಸುತ್ತಲ್ಲಿ 3-2ರಿಂದ ಗೆದ್ದರು’ ಅಂತ ಬರೆದ್ರೆ ಟೂರ್ನಿಯಲ್ಲಿ ಮುಂದಕ್ಕೆ ಹೋದ್ರು ಅಂತಾನೇ ಅನ್ಸತ್ತೆ. ಅದಕ್ಕೇ ಪಂದ್ಯದೊಳಗಿನದ್ದಕ್ಕೆ ‘ರೌಂಡ್’, ಟೂರ್ನಿಗೆ ‘ಸುತ್ತು’ ಅಂತ ಬೇರೆ ಮಾಡ್ಕೊಳ್ಳೋದು ವಾಸಿ ಅಂತ ನನ್ನ ಅಭಿಪ್ರಾಯ. ಇಂಗ್ಲಿಷ್ ಪದ ಯಾಕೆ ಅಂತ ಬೈಯೋರು ಬೈಲಿ, ಬಾಕ್ಸಿಂಗನ್ನೇ ಬಾಕ್ಸಿಂಗ್ ಅಂತೀವಿ. ‘ಮುಷ್ಟಿಯುದ್ಧ’ ಅಂದ್ರೆ ನಂಗಂತೂ ಮೈಸೂರು ದಸರಾದಲ್ಲಿ ಜಟ್ಟಿಗಳು ಆಡೋ ವಜ್ರಮುಷ್ಟಿ ಕಾಳಗಾನೇ ಕಣ್ಮುಂದೆ ಬರೋದು, ಅಲ್ಲಿ ರಕ್ತ ಬಂದ ತಕ್ಷಣ ಮುಗೀತು, ಜಡ್ಜ್‌ಗಳ ತಕರಾರೇ ಇಲ್ಲ.

ಈಗ ಪ್ರಶ್ನೆ. ವೃತ್ತಿಪರ ಬಾಕ್ಸಿಂಗಲ್ಲಿ ಮೂವರೇ ಜಡ್ಜ್‌ಗಳು. ಅಲ್ಲಿ ಇಬ್ರು ಒಬ್ಬನ ಕಡೆ, ಮೂರನೆಯವ್ರು ಎದುರಾಳಿ ಕಡೆ ಅಂದ್ರೆ ಸ್ಪ್ಲಿಟ್ ಡಿಸಿಷನ್, ಮೂರನೆಯವ್ರು ಸಮ ಅಂತ ಕೊಟ್ರೆ ಮೆಜಾರಿಟಿ ಡಿಸಿಷನ್. ನಾನು ‘ಬಹುಮತ’ ಅನ್ನೋದನ್ನ ಮೊದಲನೇದಕ್ಕೆ ಬಳಸಿಬಿಟ್ರೆ ಎರಡನೇದಕ್ಕೆ ಏನನ್ನೋದು? ‘ತಟಸ್ಥ’ ಸೇರಿಸಿ ಏನಾದ್ರೂ ಮಾಡಬಹುದಾ? ಕ್ರೀಡಾ ಡೆಸ್ಕಲ್ಲಿ ಕೆಲಸ ಮಾಡಿರೋರು ಇಲ್ಲಿ ಇದ್ದೀರಲ್ಲ, ಹೆಡ್ಡಿಂಗಲ್ಲಿ ಕೂರೋವಷ್ಟು ಚಿಕ್ಕದಾಗಿ ಏನು ಬರೀತೀರ ಹೇಳಿ.