ಸಹಾಯ ಬೇಕು: ಲೂಪ್ ಮುಗಿದರೂ ಪಟ್ಟಿಯಲ್ಲಿ ಖಾಲಿ ಪದ ಉಳಿಯುವುದೇಕೆ?

ಎಲ್ಲರಿಗೂ ನಮಸ್ಕಾರ. ನಾನು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಲು ಆರಂಭಿಸಿದ್ದು, ಪಠ್ಯವನ್ನು ಸ್ಪ್ಲಿಟ್ ಮೂಲಕ ಪದಗಳಾಗಿ ಒಡೆದು, ಬಂದ ಲಿಸ್ಟನ್ನು (ಪಟ್ಟಿಯನ್ನು) ಫಾರ್ ಲೂಪಿನಲ್ಲಿ ಒಂದೊಂದಾಗಿ ನೋಡುವ ಅಭ್ಯಾಸದಲ್ಲಿದ್ದೇನೆ. ‘ಕೆಂಪು,,,ನೀಲಿ’ ಎಂಬ ಸಾಲನ್ನು ಅಲ್ಪವಿರಾಮದಲ್ಲಿ ಒಡೆದಾಗ ನಾಲ್ಕು ಅಂಶಗಳು ಬರುತ್ತವೆ. ನಡುವಿನ ಎರಡು ಖಾಲಿ ಸ್ಟ್ರಿಂಗ್‌ಗಳು, ಅಂದರೆ ಯಾವ ಅಕ್ಷರವೂ ಇಲ್ಲದ ಪಠ್ಯಗಳು. ಅಲ್ಪವಿರಾಮಗಳು ಒತ್ತೊತ್ತಾಗಿರುವುದರಿಂದ ಇದು ಸಹಜವೇ. ಆದರೆ ಅದೇ ಲಿಸ್ಟಿನ ಮೇಲೆ ಲೂಪ್ ನಡೆಸಿ, ಖಾಲಿ ಸ್ಟ್ರಿಂಗ್ ಸಿಕ್ಕಾಗ ರಿಮೂವ್ ಮಾಡುವಂತೆ ಬರೆದರೆ, ಒಂದು ಅಳಿದು ಇನ್ನೊಂದು ಹಾಗೆಯೇ ಉಳಿಯುತ್ತದೆ, ಯಾವ ಎರರ್ ಕೂಡ ಬರುವುದಿಲ್ಲ (ಬಂದಿದ್ದರೆ ಹುಡುಕುವುದಾದರೂ ಸುಲಭವಾಗುತ್ತಿತ್ತು).

ಒಂದು ಅಂಶವನ್ನು ತೆಗೆದೊಡನೆ ಉಳಿದವು ಒಂದು ಸ್ಥಾನ ಹಿಂದಕ್ಕೆ ಸರಿಯುವುದರಿಂದ, ಮುಂದಿನ ಇಂಡೆಕ್ಸಿಗೆ (ಸ್ಥಾನದ ಸಂಖ್ಯೆಗೆ) ಹೋಗುವ ಲೂಪ್ ನಡುವಿನದನ್ನು ನೋಡದೆ ದಾಟುತ್ತದೆ ಎಂಬುದು ನನ್ನ ಊಹೆ. ಇದು ಸರಿಯೇ? ಖಾಲಿಯಲ್ಲದ ಪದಗಳನ್ನು ಹೊಸ ಲಿಸ್ಟಿಗೆ ಅಪೆಂಡ್ ಮಾಡುವುದು (ಕೊನೆಗೆ ಸೇರಿಸುವುದು) ಒಳ್ಳೆಯದೇ, ಅಥವಾ ಲಿಸ್ಟಿನ ನಕಲಿನ ಮೇಲೆ ಲೂಪ್ ನಡೆಸಿ ಮೂಲದಿಂದ ಅಳಿಸುವುದೇ? ಬ್ರಾಕೆಟ್ಟಿನಲ್ಲಿ ಏನನ್ನೂ ಕೊಡದೆ ಸ್ಪ್ಲಿಟ್ ಬಳಸಿದರೆ ಹೆಚ್ಚುವರಿ ಖಾಲಿ ಜಾಗಗಳು ತಾವಾಗಿಯೇ ಹೋಗುತ್ತವೆಂದು ಗೊತ್ತು. ಅಲ್ಪವಿರಾಮಕ್ಕೆ ಆ ಅನುಕೂಲವಿಲ್ಲದ ಕಾರಣ ಕೇಳುತ್ತಿದ್ದೇನೆ. ತಿಳಿದವರು ದಯವಿಟ್ಟು ವಿವರಿಸಬೇಕಾಗಿ ವಿನಂತಿ.