50 ತುಂಬುವಾಗ ಹೊಸದಾಗಿ ಕಲಿಯಲು ಕೂತರೆ ಓದಿದ್ದು ಯಾಕೆ ನಿಲ್ಲುವುದಿಲ್ಲ?

ನೀಲಿಶಾಯಿ:
ಮುಂದಿನ ತಿಂಗಳು 50 ತುಂಬುತ್ತದೆ. ಉಳಿದ ವರ್ಷಗಳು ಬರೀ ಕೆಲಸ, ಜವಾಬ್ದಾರಿಯಲ್ಲೇ ಮುಗಿಯಬಾರದೆಂದು ಸಂಖ್ಯಾಶಾಸ್ತ್ರ, ಒಂದು ಹೊಸ ಭಾಷೆ, ಕೊಳಲು ಮೂರನ್ನೂ ಹಿಡಿದಿದ್ದೇನೆ. ದಿನಾ ರಾತ್ರಿ ಹತ್ತರ ಮೇಲೆ ಒಂದೂವರೆ ಗಂಟೆ. ಓದುವಾಗ ಎಲ್ಲ ತಿಳಿದ ಹಾಗೇ ಇರುತ್ತದೆ, ಎರಡು ದಿನ ಬಿಟ್ಟರೆ ತಲೆ ಖಾಲಿ. ಇದು ವಯಸ್ಸಿನ ದೋಷವೋ, ವಿಧಾನದ್ದೋ? ಅದಕ್ಕಿಂತ ದೊಡ್ಡ ಪ್ರಶ್ನೆ: ಈಗ ಕಲಿತು ಏನು ಮಾಡುವುದು?

ಹಾಳೆಪೆನ್ನು:
ಬಹುಪಾಲು ವಿಧಾನದ್ದೇ. 50ರ ಹೊತ್ತಿಗೆ ಹೊಸದನ್ನು ಹಿಡಿದುಕೊಳ್ಳುವ ವೇಗ ತಗ್ಗಿರುತ್ತದೆ, ನಿಜ. ಪದಸಂಪತ್ತು, ಲೋಕಜ್ಞಾನ ಮಾತ್ರ ಆಗಲೂ ಬೆಳೆಯುತ್ತಲೇ ಇರುತ್ತವೆ.

"ಓದುವಾಗ ತಿಳಿದ ಹಾಗಿರುತ್ತದೆ" ಅಂದಿರಲ್ಲ, ತೊಡಕು ಅಲ್ಲೇ ಇದೆ. ಎರಡನೇ ಸಲ ಓದಿದಾಗ ಸಾಲುಗಳು ಪರಿಚಿತವಾಗಿ ಕಾಣುತ್ತವೆ, ಆ ಪರಿಚಯವನ್ನೇ ಕಲಿಕೆ ಅಂದುಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ನೋಡದೆ ನೆನಪಿನಿಂದ ಬರೆದವರು ಮುಂದೆ ಬಂದರು.

ಹಾಗಾಗಿ 20 ನಿಮಿಷ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ 10 ನಿಮಿಷ ಬರೆಯಿರಿ. ಆಮೇಲೆ ಪುಸ್ತಕ ತೆರೆದು ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ತುಂಬಿ. ನಾಳೆಯ ಪಾಠ ಆ ಕೆಂಪು ಸಾಲುಗಳಿಂದಲೇ ಶುರುವಾಗಲಿ. ಬರೆಯುವಾಗ ತಡವರಿಸುವುದು ಕಷ್ಟವೆನಿಸುತ್ತದೆ, ಆದರೆ ನೆನಪು ಗಟ್ಟಿಯಾಗುವುದು ಆ ತಡವರಿಕೆಯಲ್ಲೇ. ದಯವಿಟ್ಟು ಅದನ್ನು ತಪ್ಪಿಸಬೇಡಿ.

ಕೆಂಪು ಸಾಲುಗಳನ್ನು ಕಾರ್ಡ್ ಮಾಡಿ, ಒಂದು ಕಾರ್ಡಿಗೆ ಒಂದೇ ಪ್ರಶ್ನೆ. "ಮಾನಕ ವಿಚಲನೆ ಎಂದರೇನು?" (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ ಅದು) ಅನ್ನುವುದು ಕೆಟ್ಟ ಕಾರ್ಡ್, ಉತ್ತರ ಉದ್ದವಾಗಿ ಅರ್ಧ ಸರಿ, ಅರ್ಧ ತಪ್ಪಾಗುತ್ತದೆ. ಅದನ್ನೇ ಒಡೆಯಿರಿ. 4, 6, 8ರ ಸರಾಸರಿ ಎಷ್ಟು? ಒಂದೊಂದು ಸಂಖ್ಯೆಯೂ ಸರಾಸರಿಯಿಂದ ಎಷ್ಟು ದೂರ? ಆ ದೂರಗಳನ್ನು ಕೂಡುವ ಮುಂಚೆ ವರ್ಗ ಮಾಡುವುದು ಯಾಕೆ? ಮೂರನೆಯದಕ್ಕೆ ಉತ್ತರ: -2, 0, 2 ಕೂಡಿದರೆ ಸೊನ್ನೆಯಾಗಿಬಿಡುತ್ತದೆ, ಹರಡುವಿಕೆ ಕಾಣುವುದೇ ಇಲ್ಲ. ಈ ಒಂದು ಕಾರಣ ಹಿಡಿದರೆ ಸೂತ್ರ ಬಾಯಿಪಾಠ ಮಾಡುವ ಕೆಲಸವೇ ಇರುವುದಿಲ್ಲ.

ಕಾರ್ಡುಗಳಿಗೆ ಐದು ಖಾನೆಯ ಡಬ್ಬಿ ಸಾಕು, ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಹೇಳಿಕೊಟ್ಟ ಕ್ರಮ ಅದು. ಉತ್ತರ ಸರಿಯಾದರೆ ಕಾರ್ಡು ಮುಂದಿನ ಖಾನೆಗೆ, ತಪ್ಪಾದರೆ ಎಲ್ಲೇ ಇದ್ದರೂ ಮೊದಲನೆಯದಕ್ಕೆ. ಖಾನೆಗಳನ್ನು 1, 2, 4, 8, 16 ದಿನಕ್ಕೊಮ್ಮೆ ತೆಗೆಯಿರಿ. ದಿನಕ್ಕೆ ಹೊಸ ಕಾರ್ಡು 5ರಿಂದ 8, ಅಷ್ಟೇ. ಮೊದಲ ದಿನದ ಹುರುಪಿಗೆ 30 ಬರೆದವರು ಎರಡನೇ ವಾರ ಡಬ್ಬಿಯನ್ನೇ ಮುಟ್ಟುವುದಿಲ್ಲ.

ಬೆಳಗಿನಪಾಠ:
ಒಳ್ಳೆಯ ಉತ್ತರ. ನನ್ನ ಕಡೆಯಿಂದ ಎರಡು ಮಾತು.

ನೀಲಿಶಾಯಿ ಅವರೇ, ಹೊತ್ತು ಬದಲಿಸಿ. ರಾತ್ರಿ ಹತ್ತರ ಮೇಲೆ ಒಂದೂವರೆ ಗಂಟೆ ಎಂದರೆ ನಿದ್ದೆಯಿಂದ ಕಿತ್ತುಕೊಂಡ ಸಮಯ. ಕಲಿತದ್ದು ಗಟ್ಟಿಯಾಗುವುದಕ್ಕೆ ನಿದ್ದೆ ಬೇಕೇ ಬೇಕು. ಬೆಳಿಗ್ಗೆ 40 ನಿಮಿಷ ಓದು, ಸಂಜೆ 15 ನಿಮಿಷ ಕೊಳಲು ಮಾಡಿ ನೋಡಿ. ಕೊಳಲಿನಲ್ಲಿ ಬರುವ ಸಾಲನ್ನೇ ಮೊದಲಿಂದ ಕೊನೆವರೆಗೆ ನುಡಿಸಬೇಡಿ. ತಪ್ಪುವ ಎರಡು ಸ್ವರಗಳ ನಡುವಿನ ಬೆರಳ ಬದಲಾವಣೆಯನ್ನಷ್ಟೇ ಅರ್ಧ ವೇಗದಲ್ಲಿ ಹಿಡಿಯಿರಿ, ಸತತ ಐದು ಸಲ ಸರಿ ಬಂದ ಮೇಲೆ ವೇಗ ಸ್ವಲ್ಪ ಏರಿಸಿ.

ಕಣ್ಣು ತೋರಿಸಿದ್ದೀರಾ? 40 ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗಿ ಹತ್ತಿರದ ಅಕ್ಷರ ಮಸುಕಾಗುತ್ತದೆ. ಅದರಿಂದ ಬರುವ ಆಯಾಸವನ್ನು ಎಷ್ಟೋ ಜನ "ಏಕಾಗ್ರತೆ ಇಲ್ಲ" ಅಂದುಕೊಳ್ಳುತ್ತಾರೆ.

ಎರಡನೇಪಾಳಿ:
ಕಲಿತು ಏನು ಮಾಡುವುದು ಎಂಬ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಬದುಕನ್ನು ಎಂಟು ಹಂತಗಳಾಗಿ ವಿವರಿಸಿದರು. ನಡುವಯಸ್ಸಿನ ತಾಕಲಾಟ, ಮುಂದಿನವರಿಗಾಗಿ ಏನನ್ನಾದರೂ ಬೆಳೆಸುವುದು ಮತ್ತು ನಿಂತ ನೀರಾಗುವುದು, ಇವೆರಡರ ನಡುವೆ ಎಂದರು. ಹಾಗಾಗಿ ಮೂರು ವಿಷಯಗಳ ಎದುರಿಗೂ ಒಂದೊಂದು ಹೆಸರು ಬರೆಯಿರಿ: ಇದನ್ನು ಕಲಿತು ಯಾರಿಗೆ ತೋರಿಸುತ್ತೇನೆ, ಯಾರ ಜೊತೆ ಮಾತಾಡುತ್ತೇನೆ, ಯಾರಿಗೆ ಹೇಳಿಕೊಡುತ್ತೇನೆ? ಹೆಸರು ತಟ್ಟನೆ ಹೊಳೆದದ್ದನ್ನು ಈ ವರ್ಷ ಇಟ್ಟುಕೊಳ್ಳಿ. ಖಾಲಿ ಉಳಿದದ್ದು ಕೆಟ್ಟದ್ದೆಂದಲ್ಲ, ಮುಂದಿನ ವರ್ಷಕ್ಕಿರಲಿ. ಬರೀ ಸಂತೋಷಕ್ಕೆ ಬೇಕೆನಿಸಿದರೆ ನಿಮ್ಮ ಹೆಸರನ್ನೇ ಬರೆಯಿರಿ, ಅದೂ ಪೂರ್ಣ ಉತ್ತರವೇ.

ಹುಟ್ಟುಹಬ್ಬದ ದಿನ ಗುರಿ ಬರೆಯಿರಿ, ದಿನಕ್ಕೆ ಎಷ್ಟು ಹೊತ್ತು ಎಂಬುದನ್ನು ಮಾತ್ರ ಮೂರನೇ ವಾರ ನಿರ್ಧರಿಸಿ. ಹೊಸ ಆರಂಭದ ಹುಮ್ಮಸ್ಸಿನಲ್ಲಿ ಹಾಕಿದ ಲೆಕ್ಕ ಸಾಮಾನ್ಯ ಮಂಗಳವಾರಕ್ಕೆ ಹೊಂದುವುದಿಲ್ಲ. 2010ರಲ್ಲಿ ಪ್ರಕಟವಾದ ಲಂಡನ್ನಿನ ಅಧ್ಯಯನದಲ್ಲಿ ಹೊಸ ಅಭ್ಯಾಸ ಮೈಗೂಡಲು ಸುಮಾರು 66 ದಿನ ಬೇಕಾಗಿತ್ತು, ಅಂದಾಜು ಒಬ್ಬೊಬ್ಬರಿಗೆ 18ರಿಂದ 254 ದಿನಗಳವರೆಗೂ ಇತ್ತು. ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ನಷ್ಟವೇನೂ ಆಗಿರಲಿಲ್ಲ.

ನೀಲಿಶಾಯಿ:
ಹೆಸರು ಸಂಖ್ಯಾಶಾಸ್ತ್ರದ ಎದುರಿಗೇ ಮೊದಲು ಹೊಳೆಯಿತು. ಭಾಷೆಯನ್ನು ಸದ್ಯ ಬದಿಗಿಡುತ್ತೇನೆ. ಹಾಳೆಪೆನ್ನು ಅವರೇ, ಒಂದು ವಾರವೇ ತಪ್ಪಿ ಕಾರ್ಡು ಗುಡ್ಡೆಬಿದ್ದರೆ?

ಹಾಳೆಪೆನ್ನು:
ಹೊಸ ಕಾರ್ಡು ನಿಲ್ಲಿಸಿ. ಬಾಕಿಯನ್ನು ದಿನಕ್ಕೆ 20ರಂತೆ, ಮೊದಲನೇ ಖಾನೆಯಿಂದ ಹಿಡಿದು ಮುಗಿಸಿ, ಐದನೆಯದು ಕಾಯಬಲ್ಲದು. ನಾಲ್ಕು ಸಲ ತಪ್ಪಿದ ಕಾರ್ಡು ಸಿಕ್ಕರೆ ಹರಿದುಹಾಕಿ, ಅದನ್ನು ಎರಡು ಸಣ್ಣ ಪ್ರಶ್ನೆಯಾಗಿ ಮತ್ತೆ ಬರೆಯಿರಿ.